ನೀರಿನಲ್ಲಿ ಆರದ ದೀಪ: ಒಂದು ರುಥೇನಿಯಂ ‘ಲೈಟ್ ಸ್ವಿಚ್’ ಪ್ರಕರಣ

ಕ್ಯುವೆಟ್ ಎಂಬ ಪುಟ್ಟ ಪಾರದರ್ಶಕ ಪಾತ್ರೆಯಲ್ಲಿ 3 ಮಿಲಿಲೀಟರ್ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಇದೆ. ಅದರೊಳಗೆ ಹೊಸದಾಗಿ ತಯಾರಿಸಿದ, ನೀರಿನಲ್ಲಿ ಕತ್ತಲಾಗಿದ್ದು ಡಿಎನ್‌ಎ ಸಿಕ್ಕಾಗ ಹೊಳೆಯಬೇಕಾದ ರುಥೇನಿಯಂ ಸಂಕೀರ್ಣ, ಸಾಂದ್ರತೆ 5 ಮೈಕ್ರೋಮೋಲಾರ್. ಡಿಎನ್‌ಎ ಇನ್ನೂ ಹಾಕಿಲ್ಲ. 450 ನ್ಯಾನೊಮೀಟರ್ ಬೆಳಕು ಹಾಯಿಸಿದಾಗ ಹೊಳಪು ಅಳೆಯುವ ಫ್ಲೋರೋಮೀಟರ್‌ನ ತೆರೆಯ ಮೇಲೆ ಕೆಂಪು ಭಾಗದ ಗೆರೆ ನೆಲಕ್ಕಂಟಿಕೊಂಡೇ ಸಾಗಬೇಕು. ಆದರೆ 610–620 ನ್ಯಾನೊಮೀಟರ್ ಸುತ್ತ ಅಗಲವಾದ ದಿಣ್ಣೆಯೊಂದು ಎದ್ದಿದೆ. ಡಿಎನ್‌ಎ ಹಾಕಿದರೆ ಅದು ಇನ್ನಷ್ಟು ಏರುತ್ತದೆ, ಸುಮಾರು 70 ಪಟ್ಟು. ಎಪ್ಪತ್ತು ಪಟ್ಟು ಏರಿತಲ್ಲ, ಸಾಕು ಎಂದು ಮುಂದುವರಿದರೆ ಇಡೀ ಕೆಲಸ ಅಲ್ಲಿಗೇ ಹಾಳು. ಈ ಅಣುವಿಗೆ ‘ಲೈಟ್ ಸ್ವಿಚ್’ ಎಂದು ಹೆಸರು ಬಂದದ್ದೇ ಏರಿಕೆ ಹತ್ತು ಸಾವಿರ ಪಟ್ಟನ್ನೂ ಮೀರುತ್ತದೆ ಎಂಬ ಕಾರಣಕ್ಕೆ.

ಇದು ಈ ಅಣುವನ್ನು ಕೈಯಾರೆ ತಯಾರಿಸುವವರಿಗೆ ಮತ್ತೆ ಮತ್ತೆ ಎದುರಾಗುವ ಸನ್ನಿವೇಶ. ಹೊಳೆಯುವ ಸಂವೇದಕದ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣೂ ಹೊಳಪಿನ ಮೇಲೆ. ಈ ಅಣುವಿನ ಬೆಲೆ ಇರುವುದು ಅದರ ಕತ್ತಲೆಯಲ್ಲಿ. ಕತ್ತಲೆ ಕೆಟ್ಟಿದ್ದರೆ ಹೊಳಪು ಎಷ್ಟಿದ್ದರೂ ಅದು ಹೇಳುವುದು ಏನನ್ನೂ ಅಲ್ಲ.

ಅಣುವಿನ ಮಧ್ಯದಲ್ಲಿ ರುಥೇನಿಯಂ, ಅದಕ್ಕೆ ಅಂಟಿಕೊಂಡ ಎರಡು ಬೈಪಿರಿಡಿನ್, ಮೂರನೆಯದು ಡಿಪಿಪಿಝಡ್ ಎಂದು ಕರೆಯುವ ಉದ್ದನೆಯ ಚಪ್ಪಟೆ ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಳ್ಳುವ ಅಣು). ಡಿಪಿಪಿಝಡ್‌ನ ಲೋಹದ ಕಡೆಯ ತುದಿ ಫೆನಾಂತ್ರೋಲಿನ್‌ನಂತೆ, ಹೊರಗೆ ಚಾಚಿದ ತುದಿ ಫೆನಜೀನ್‌ನಂತೆ. ಆ ಹೊರತುದಿಯಲ್ಲಿ ಲೋಹಕ್ಕೆ ಅಂಟದೆ ಬಿಡಿಯಾಗಿ ಉಳಿದ ಎರಡು ನೈಟ್ರೋಜನ್‌ಗಳಿವೆ. ಬೆಳಕು ಹೀರಿದಾಗ ರುಥೇನಿಯಂನಿಂದ ಒಂದು ಎಲೆಕ್ಟ್ರಾನ್ ಈ ಲಿಗ್ಯಾಂಡ್ ಮೇಲೆ ಹಾರುತ್ತದೆ. ಸುತ್ತ ನೀರಿದ್ದರೆ ನೀರಿನ ಅಣುಗಳು ಆ ಎರಡು ನೈಟ್ರೋಜನ್‌ಗಳಿಗೆ ಹೈಡ್ರೋಜನ್ ಬಂಧ ಹಾಕುತ್ತವೆ, ಎಲೆಕ್ಟ್ರಾನ್ ಫೆನಜೀನ್ ತುದಿಗೆ ಸರಿಯುತ್ತದೆ, ಶಕ್ತಿಯೆಲ್ಲ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಶಾಖವಾಗಿ ಇಳಿದುಹೋಗುತ್ತದೆ. ಡಿಎನ್‌ಎಯ ಬೇಸ್ ಜೋಡಿಗಳ ನಡುವೆ ಲಿಗ್ಯಾಂಡ್ ನುಸುಳಿ ಕೂತರೆ ನೀರು ಆ ನೈಟ್ರೋಜನ್‌ಗಳನ್ನು ಮುಟ್ಟಲಾರದು. ಆಗ ಕೆಂಪು ಬೆಳಕು ಹೊರಬರುತ್ತದೆ, ನೂರಾರು ನ್ಯಾನೊಸೆಕೆಂಡು ಉಳಿಯುತ್ತದೆ. 1990ರಲ್ಲಿ ಫ್ರೀಡ್‌ಮನ್, ಶಾಂಬ್ರಾನ್, ಸೋವಾಜ್, ಟರೋ ಮತ್ತು ಜಾಕ್ವೆಲಿನ್ ಬಾರ್ಟನ್ ಇದನ್ನು ‘ಡಿಎನ್‌ಎಗೆ ಆಣ್ವಿಕ ಲೈಟ್ ಸ್ವಿಚ್’ ಎಂದು ಕರೆದು ಪ್ರಕಟಿಸಿದರು. ಈ ಸೋವಾಜ್ ಅವರೇ 2016ರಲ್ಲಿ ಆಣ್ವಿಕ ಯಂತ್ರಗಳಿಗಾಗಿ ನೊಬೆಲ್ ಹಂಚಿಕೊಂಡವರು.

ಹಾಗಾದರೆ ನಮ್ಮ ಕ್ಯುವೆಟ್‌ನ ದಿಣ್ಣೆ ಯಾರದು?

ಮೊದಲ ಅನುಮಾನ ನೀರಿನ ಮೇಲೆಯೇ. ನೀರು ರಾಮನ್ ಚದುರಿಕೆಯಿಂದ ಬೆಳಕಿನ ಅಲೆಸಂಖ್ಯೆಯನ್ನು ಸುಮಾರು 3400 ಪ್ರತಿ ಸೆಂಟಿಮೀಟರಿನಷ್ಟು ಇಳಿಸುತ್ತದೆ. 450ರಲ್ಲಿ ಉದ್ದೀಪಿಸಿದರೆ ಆ ಶಿಖರ 531 ನ್ಯಾನೊಮೀಟರ್ ಹತ್ತಿರ ಬೀಳಬೇಕು. ನಮ್ಮ ದಿಣ್ಣೆ 610ರ ಮೇಲಿದೆ, ಹಾಗಾಗಿ ಇದು ಅದಲ್ಲ. ಖಚಿತಪಡಿಸಲು ಉದ್ದೀಪನವನ್ನು 440ಕ್ಕೆ ಬದಲಿಸಿ ನೋಡಬೇಕು. ರಾಮನ್ ಶಿಖರ 517ಕ್ಕೆ ಸರಿಯುತ್ತದೆ, ನಿಜವಾದ ಹೊಳಪು ಇದ್ದಲ್ಲೇ ಇರುತ್ತದೆ. ಸಿ. ವಿ. ರಾಮನ್ ಅವರ 1928ರ ಶೋಧ ಇಲ್ಲಿ ತಲೆನೋವು ಎಂದು ಕೆಲವರು ಫಿಲ್ಟರ್ ಹಾಕಿ ಆ ಶಿಖರವನ್ನು ಕತ್ತರಿಸಿಬಿಡುತ್ತಾರೆ. ಕತ್ತರಿಸಬಾರದು, ಅದು ಮುಂದೆ ನಮಗೆ ಬೇಕು.

ಎರಡನೆಯ ಅನುಮಾನ 2,3-ಡೈಅಮೈನೊಫೆನಜೀನ್. ಡಿಪಿಪಿಝಡ್ ತಯಾರಿಸಲು ಬಳಸುವ ಆರ್ಥೊ-ಫಿನೈಲೀನ್‌ಡೈಅಮೀನ್ ಗಾಳಿಗೆ ಹಳತಾದರೆ ಹೀಗೆ ಆಕ್ಸಿಡೀಕರಿಸಿ ಜೋಡಿಯಾಗುತ್ತದೆ. ಇದು ಸ್ವತಃ ಹೊಳೆಯುವ ವಸ್ತು, ಆದರೆ ಅದರ ಬೆಳಕು ಹಳದಿ-ಕಿತ್ತಳೆ ಕಡೆಗೆ, 560ರ ಆಸುಪಾಸು. ದಿಣ್ಣೆಯ ಎಡಹೆಗಲು ಆ ಕಡೆ ಉಬ್ಬಿದ್ದರೆ ಇದನ್ನು ಹಿಡಿಯಬೇಕು. ನಮ್ಮಲ್ಲಿ ಎಡಹೆಗಲು ಉಬ್ಬಿಲ್ಲ.

ಮೂರನೆಯದೇ ನಿಜವಾದ ಅಪರಾಧಿ, ಹಿಡಿಯಲು ಅತಿ ಕಷ್ಟದ್ದೂ ಅದೇ: ಟ್ರಿಸ್-ಬೈಪಿರಿಡಿನ್ ರುಥೇನಿಯಂ. ಡಿಪಿಪಿಝಡ್ ಬದಲು ಮೂರನೆಯ ಬೈಪಿರಿಡಿನ್ ಕೂತ ಸಂಕೀರ್ಣ. ಇದು 452 ನ್ಯಾನೊಮೀಟರಿನಲ್ಲಿ ಹೀರುತ್ತದೆ, ಮೋಲಾರ್ ಹೀರಿಕೆ (ಎಷ್ಟು ಬಲವಾಗಿ ಹೀರುತ್ತದೆ ಎಂಬುದರ ಅಳತೆ) 14,600. ನಮಗೆ ಬೇಕಾದ ಸಂಕೀರ್ಣ ಹೀರುವುದೂ ಬಹುತೇಕ ಅಲ್ಲೇ. ಇದು ಹೊಳೆಯುವುದೂ 610–620ರಲ್ಲೇ. ನೀರಿನಲ್ಲಿ ಆರುವುದೇ ಇಲ್ಲ. ಗಾಳಿ ತೆಗೆದ ನೀರಿನಲ್ಲಿ ಹೀರಿದ ಪ್ರತಿ ನೂರು ಫೋಟಾನ್‌ಗೆ ನಾಲ್ಕರಿಂದ ಆರರಷ್ಟನ್ನು ಬೆಳಕಾಗಿ ಮರಳಿಸುತ್ತದೆ. ಬಣ್ಣ ಒಂದೇ, ವಿದ್ಯುದಾವೇಶ ಒಂದೇ, ಕಣ್ಣಿಗೆ ಎರಡೂ ಕಿತ್ತಳೆ ಪುಡಿ.

ಲೆಕ್ಕ ಹಾಕಿ ನೋಡಿ. ಡಿಎನ್‌ಎಯೊಳಗೆ ಕೂತ ನಮ್ಮ ಸಂಕೀರ್ಣವೂ ಈ ಕಲ್ಮಶವೂ ಸರಿಸುಮಾರು ಒಂದೇ ಮಟ್ಟದಲ್ಲಿ ಹೊಳೆಯುತ್ತವೆ ಎಂದು ಅಂದಾಜಿಗೆ ಇಟ್ಟುಕೊಳ್ಳೋಣ. ಕಲ್ಮಶ ಶೇಕಡಾ 1 ಇದ್ದರೆ ಏರಿಕೆ 100 ಪಟ್ಟಿಗೆ ನಿಲ್ಲುತ್ತದೆ. ಶೇಕಡಾ 1.4 ಇದ್ದರೆ 70 ಪಟ್ಟು, ನಮ್ಮ ಕ್ಯುವೆಟ್‌ನಲ್ಲಿ ಕಂಡದ್ದು ಇದನ್ನೇ. ಹತ್ತು ಸಾವಿರ ಪಟ್ಟು ಕಾಣಬೇಕಾದರೆ ಕಲ್ಮಶ ಶೇಕಡಾ 0.01 ಮೀರುವಂತಿಲ್ಲ. ಕಾಂತಕ್ಷೇತ್ರದಲ್ಲಿ ಅಣುವಿನ ರಚನೆ ಓದುವ ಸಾಮಾನ್ಯ ಎನ್‌ಎಂಆರ್ ರೋಹಿತದಲ್ಲಿ ಶೇಕಡಾ 1ರ ಶಿಖರಗಳು ಅರೋಮ್ಯಾಟಿಕ್ ಪ್ರದೇಶದ ದಟ್ಟಣೆಯಲ್ಲಿ ಮುಚ್ಚಿಹೋಗುತ್ತವೆ. ಧಾತು ವಿಶ್ಲೇಷಣೆಗೂ ಅದು ಗೊತ್ತಾಗದು. ಅಂದರೆ ಶುದ್ಧತೆಗೆ ಸಾಕ್ಷಿಯೆಂದು ಎಲ್ಲರೂ ಮುಂದಿಡುವ ಎರಡು ಪರೀಕ್ಷೆಗಳೂ ಈ ಕೆಲಸಕ್ಕೆ ಒರಟು. ಎಲೆಕ್ಟ್ರೋಸ್ಪ್ರೇ ಮಾಸ್ ರೋಹಿತದಲ್ಲಿ ಜಾಡು ಸಿಗಬಹುದು: ನಮ್ಮ ಅಣು ಎರಡು ಧನಾವೇಶ ಹೊತ್ತು, ದ್ರವ್ಯರಾಶಿ-ಆವೇಶ ಅನುಪಾತ 348ರ ಹತ್ತಿರ ಕಾಣುತ್ತದೆ, ಕಲ್ಮಶ 285ರ ಹತ್ತಿರ. ಪ್ರಮಾಣ ತಿಳಿಯಬೇಕೆಂದರೆ ಸಿ-18 ಕಾಲಂನಲ್ಲಿ ಅಸಿಟೋನೈಟ್ರೈಲ್–ನೀರು, ಶೇಕಡಾ 0.1 ಟ್ರೈಫ್ಲೋರೋಅಸಿಟಿಕ್ ಆಮ್ಲದೊಂದಿಗೆ ಎಚ್‌ಪಿಎಲ್‌ಸಿ (ಮಿಶ್ರಣವನ್ನು ಕಾಲಂ ಮೂಲಕ ಹಾಯಿಸಿ ಘಟಕಗಳನ್ನು ಬೇರ್ಪಡಿಸುವ ವಿಧಾನ) ಓಡಿಸಬೇಕು. ಡಿಪಿಪಿಝಡ್ ಇರುವುದು ಹೆಚ್ಚು ನೀರುದ್ವೇಷಿ, ತಡವಾಗಿ ಇಳಿಯುತ್ತದೆ. ಮುಂಚೆ ಇಳಿಯುವ ಪುಟ್ಟ ಶಿಖರವೇ ಕಲ್ಮಶ.

ಇಷ್ಟೆಲ್ಲಕ್ಕೂ ಮೊದಲು ಫ್ಲೋರೋಮೀಟರ್ ಬಳಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕ್ಯುವೆಟ್‌ಗೆ ರಬ್ಬರ್ ಸೆಪ್ಟಮ್ ಹಾಕಿ 20 ನಿಮಿಷ ಆರ್ಗಾನ್ ಹಾಯಿಸಬೇಕು. ಆರ್ಗಾನನ್ನು ಮೊದಲು ನೀರಿನ ಬಾಟಲಿಯೊಂದರ ಮೂಲಕ ಹಾಯಿಸಿ ತೇವಗೊಳಿಸದಿದ್ದರೆ ದ್ರಾವಣ ಆವಿಯಾಗಿ ಸಾಂದ್ರತೆ ಕೆಡುತ್ತದೆ. ಟ್ರಿಸ್-ಬೈಪಿರಿಡಿನ್ ರುಥೇನಿಯಂನ ಹೊಳಪಿನ ಆಯುಷ್ಯ ಗಾಳಿ ತುಂಬಿದ ನೀರಿನಲ್ಲಿ ಸುಮಾರು 390 ನ್ಯಾನೊಸೆಕೆಂಡ್, ಗಾಳಿ ತೆಗೆದರೆ ಸುಮಾರು 600. ಆಮ್ಲಜನಕ ಹೋದಂತೆ ದಿಣ್ಣೆ ಒಂದೂವರೆ ಪಟ್ಟು ಬೆಳೆದರೆ ಅಪರಾಧಿ ಸಿಕ್ಕಿದಂತೆ. ಕೆಲವೇ ನ್ಯಾನೊಸೆಕೆಂಡ್ ಬದುಕುವ ಸಾವಯವ ಕಲ್ಮಶವಾಗಿದ್ದರೆ, ಅಥವಾ ಬರೀ ಚದುರಿಕೆಯಾಗಿದ್ದರೆ, ಆರ್ಗಾನ್‌ಗೆ ಅದು ಜಗ್ಗುವುದಿಲ್ಲ.

ಕಲ್ಮಶ ಹುಟ್ಟುವ ಜಾಗ

ಕೊನೆಯ ಹಂತದಲ್ಲಿ ಕಾಲಂ ಹಾಕಿ ತೊಳೆದರಾಯಿತು ಎಂದುಕೊಳ್ಳುವುದು ಸಹಜ. ಅಲ್ಯೂಮಿನಾ ಮೇಲೆ ಅಸಿಟೋನೈಟ್ರೈಲ್–ಟಾಲ್ವೀನ್ ಹರಿಸಿದಾಗ ಎರಡೂ ಸಂಕೀರ್ಣಗಳು ಒಂದರ ಬೆನ್ನಿಗೊಂದು ಅಂಟಿಕೊಂಡೇ ಇಳಿಯುತ್ತವೆ. ಕಲ್ಮಶವನ್ನು ಅದು ಹುಟ್ಟುವ ಜಾಗದಲ್ಲೇ ತಡೆಯಬೇಕು. ಆ ಜಾಗ ಮೊದಲ ಹಂತ, ಸಿಸ್-ಡೈಕ್ಲೋರೊ-ಬಿಸ್‌ಬೈಪಿರಿಡಿನ್ ರುಥೇನಿಯಂ ತಯಾರಿಕೆ.

1978ರಲ್ಲಿ ಸುಲಿವನ್, ಸಾಲ್ಮನ್ ಮತ್ತು ಮೆಯರ್ ಪ್ರಕಟಿಸಿದ ವಿಧಾನವನ್ನೇ ಇಂದಿಗೂ ಹಲವರು ಅನುಸರಿಸುತ್ತಾರೆ. ಅದರ ಹತ್ತನೇ ಒಂದು ಪ್ರಮಾಣದಲ್ಲಿ: ರುಥೇನಿಯಂ ಟ್ರೈಕ್ಲೋರೈಡ್ ಟ್ರೈಹೈಡ್ರೇಟ್ 780 ಮಿಲಿಗ್ರಾಂ, 2,2′-ಬೈಪಿರಿಡಿನ್ 936 ಮಿಲಿಗ್ರಾಂ, ಲಿಥಿಯಂ ಕ್ಲೋರೈಡ್ 840 ಮಿಲಿಗ್ರಾಂ, ಡೈಮೀಥೈಲ್‌ಫಾರ್ಮಮೈಡ್ 5 ಮಿಲಿಲೀಟರ್. 8 ತಾಸು ರಿಫ್ಲಕ್ಸ್, ಅಂದರೆ ಆವಿ ತಣಿದು ಮರಳುವಂತೆ ಕುದಿಸುವುದು. ತಣಿದ ಮೇಲೆ 25 ಮಿಲಿಲೀಟರ್ ಅಸಿಟೋನ್ ಸೇರಿಸಿ ರಾತ್ರಿಯಿಡೀ 0 ಡಿಗ್ರಿಯಲ್ಲಿ ಇಡುವುದು. ಕಡುಹಸಿರು-ಕಪ್ಪು ಹರಳು ಕೂರುತ್ತದೆ, ಮೇಲಿನ ದ್ರವ ಕೆಂಪು.

ಆ ಕೆಂಪು ದ್ರವದಲ್ಲೇ ನಮ್ಮ ಅಪರಾಧಿ ಇದ್ದಾನೆ. ಹರಳನ್ನು ಸೋಸಿ ತಣ್ಣನೆಯ ನೀರಿನಿಂದ ಮೂರು ಸಲ, ಪ್ರತಿ ಸಲ 3 ಮಿಲಿಲೀಟರಿನಂತೆ ತೊಳೆಯಬೇಕು. ಇಳಿಯುವ ನೀರಿನ ಕಿತ್ತಳೆ ಛಾಯೆ ಪೂರ್ತಿ ಹೋಗದಿದ್ದರೆ ನಾಲ್ಕನೆಯ ಸಲವೂ ತೊಳೆಯಿರಿ. ಕೊನೆಗೆ ತೆಳು ನೇರಳೆ ನೀರು ಬಂದರೆ ಗಾಬರಿ ಬೇಡ, ಅದು ನಮ್ಮದೇ ಪದಾರ್ಥ ಸ್ವಲ್ಪ ಕರಗಿ ಹೋಗುತ್ತಿರುವುದು. ಇಳುವರಿಯ ಆಸೆಗೆ ಈ ತೊಳೆಯುವಿಕೆಯಲ್ಲಿ ಕೈ ಬಿಗಿ ಹಿಡಿದವರೇ ಮುಂದೆ ಆರದ ದೀಪದೆದುರು ಕೂರುವುದು.

ತೊಳೆಯುವುದಕ್ಕೂ ಮೊದಲೇ ತಪ್ಪು ನಡೆದಿರಬಹುದು. ರುಥೇನಿಯಂ ಕ್ಲೋರೈಡ್ ಬಾಟಲಿಯ ಮೇಲೆ ಟ್ರೈಹೈಡ್ರೇಟ್ ಎಂದು ಬರೆದಿದ್ದರೂ ಒಳಗಿನ ನೀರಿನ ಪ್ರಮಾಣ ನಿಶ್ಚಿತವಲ್ಲ, ತೇವ ಹೀರುತ್ತಲೇ ಇರುತ್ತದೆ. ಲೆಕ್ಕದ ಪ್ರಕಾರ ಟ್ರೈಹೈಡ್ರೇಟ್‌ನಲ್ಲಿ ರುಥೇನಿಯಂ ತೂಕದ ಶೇಕಡಾ 38.7 ಇರಬೇಕು. ಅದಕ್ಕಿಂತ ಕಡಿಮೆ ಇರುವ ಪುಡಿಯನ್ನು 780 ಮಿಲಿಗ್ರಾಂ ತೂಗಿದರೆ ಲೋಹ ಕಡಿಮೆ, ಬೈಪಿರಿಡಿನ್ ಹೆಚ್ಚು. ಉಳಿದ ಬೈಪಿರಿಡಿನ್ ಸುಮ್ಮನೆ ಕೂರುವುದಿಲ್ಲ, ಮೂರನೆಯ ಸ್ಥಾನಕ್ಕೆ ನುಗ್ಗುತ್ತದೆ. ಆದ್ದರಿಂದ ವಿಶ್ಲೇಷಣಾ ಪತ್ರದಲ್ಲಿ ಬರೆದ ರುಥೇನಿಯಂ ಶೇಕಡಾವಾರನ್ನು ಹಿಡಿದು ತೂಕ ಲೆಕ್ಕ ಹಾಕಬೇಕು. ಲಿಥಿಯಂ ಕ್ಲೋರೈಡ್ ಅಷ್ಟು ಧಾರಾಳವಾಗಿ ಹಾಕುವುದೂ ಇದಕ್ಕೇ: ದ್ರಾವಣದಲ್ಲಿ ಕ್ಲೋರೈಡ್ ತುಂಬಿದ್ದರೆ ಲೋಹದ ಮೇಲಿನ ಎರಡು ಕ್ಲೋರಿನ್‌ಗಳು ಸುಲಭಕ್ಕೆ ಜಾಗ ಬಿಡುವುದಿಲ್ಲ. ಇನ್ನು 8 ತಾಸನ್ನು 14 ಮಾಡಿದರೆ ಲಾಭವಿಲ್ಲ. ಡೈಮೀಥೈಲ್‌ಫಾರ್ಮಮೈಡ್ ಒಡೆದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದು ರುಥೇನಿಯಂಗೆ ಅಂಟಿ ಇನ್ನೊಂದು ಕಲ್ಮಶ ಹುಟ್ಟುತ್ತದೆ.

ಲಿಗ್ಯಾಂಡ್ ಕಡೆಯ ಕೆಲಸ ಇದಕ್ಕಿಂತ ಸರಾಗ. ಫೆನಾಂತ್ರೋಲಿನ್ 4 ಗ್ರಾಂ ಮತ್ತು ಪೊಟ್ಯಾಶಿಯಂ ಬ್ರೋಮೈಡ್ 4 ಗ್ರಾಂಗೆ ಮಂಜುಗಡ್ಡೆಯಲ್ಲಿ ತಣಿಸಿದ 40 ಮಿಲಿಲೀಟರ್ ಗಂಧಕಾಮ್ಲ ಮತ್ತು 20 ಮಿಲಿಲೀಟರ್ ನೈಟ್ರಿಕ್ ಆಮ್ಲದ ಮಿಶ್ರಣ ಸುರಿದು 3 ತಾಸು ಕಾಯಿಸಿದರೆ ಫೆನಾಂತ್ರೋಲಿನ್-5,6-ಡೈಯೋನ್ ಸಿಗುತ್ತದೆ. ಬ್ರೋಮಿನ್ ಹೊಗೆ ದಟ್ಟವಾಗಿ ಬರುತ್ತದೆ. ಫ್ಯೂಮ್ ಹುಡ್ ಇಲ್ಲದೆ ಇದನ್ನು ಮುಟ್ಟಲೇಬಾರದು. 500 ಮಿಲಿಲೀಟರ್‌ನಷ್ಟು ಮಂಜುಗಡ್ಡೆಯ ಮೇಲೆ ಸುರಿದು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥಗೊಳಿಸುವಾಗ ಪಿಎಚ್ 6–7ರಲ್ಲಿ ನಿಲ್ಲಿಸಬೇಕು. ಕ್ಷಾರ ಮೀರಿ ದ್ರಾವಣ ಬಿಸಿಯೂ ಆದರೆ ಡೈಯೋನ್‌ನ ಮಧ್ಯದ ಉಂಗುರ ಕುಗ್ಗಿ ಡೈಅಜಫ್ಲೋರಿನೋನ್ ಆಗಿಬಿಡುತ್ತದೆ. ಕ್ಲೋರೋಫಾರ್ಮ್‌ನಲ್ಲಿ ಎಳೆದುಕೊಂಡ ಡೈಯೋನ್ 210 ಮಿಲಿಗ್ರಾಂಗೆ ಆರ್ಥೊ-ಫಿನೈಲೀನ್‌ಡೈಅಮೀನ್ 120 ಮಿಲಿಗ್ರಾಂ ಸೇರಿಸಿ ಎಥನಾಲ್‌ನಲ್ಲಿ ಕುದಿಸಿ ತಣಿಸಿದರೆ ಡಿಪಿಪಿಝಡ್ ಹರಳಾಗುತ್ತದೆ. ಡೈಅಮೀನ್ ಕಂದು ತಿರುಗಿದ್ದರೆ ಬಳಸುವ ಮುನ್ನ ಮರುಹರಳುಗೊಳಿಸಿ, ಇಲ್ಲವಾದರೆ ಮೇಲೆ ಹೇಳಿದ ಎರಡನೆಯ ಅನುಮಾನ ನಿಜವಾಗುತ್ತದೆ.

ಕೊನೆಯ ಜೋಡಣೆ: ಡೈಕ್ಲೋರೊ ಸಂಕೀರ್ಣ (ಡೈಹೈಡ್ರೇಟ್) 260 ಮಿಲಿಗ್ರಾಂ, ಡಿಪಿಪಿಝಡ್ 155 ಮಿಲಿಗ್ರಾಂ, ಎಥನಾಲ್–ನೀರು ಸಮಸಮ 40 ಮಿಲಿಲೀಟರ್, ನೈಟ್ರೋಜನ್ ಅಡಿಯಲ್ಲಿ 5–6 ತಾಸು. ಕಡುನೇರಳೆ ಹೋಗಿ ನಿಚ್ಚಳ ಕಿತ್ತಳೆ-ಕೆಂಪು ಬಂದರೆ ಮುಗಿಯಿತು. ಎಥನಾಲ್ ಆವಿಯಾಗಿಸಿ, ತಣಿಸಿ, ಕರಗದೆ ಉಳಿದ ಡಿಪಿಪಿಝಡ್ ಸೋಸಿ ತೆಗೆದು, ಅಮೋನಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ದ್ರಾವಣ ಹನಿಸಿದರೆ ಕಿತ್ತಳೆ ಪ್ರಕ್ಷೇಪ. ಈ ಲವಣ ನೀರಿನಲ್ಲಿ ಸರಿಯಾಗಿ ಕರಗದು. ಅದನ್ನೇ ಬಫರ್‌ಗೆ ಹಾಕಿದರೆ ಕಣಗಳು ತೇಲುತ್ತವೆ, ಬೆಳಕು ಚದುರುತ್ತದೆ, ಸಾಂದ್ರತೆ ಎಷ್ಟೆಂದೇ ತಿಳಿಯದು. ಅಸಿಟೋನ್‌ನಲ್ಲಿ ಕರಗಿಸಿ, ಅಸಿಟೋನ್‌ನಲ್ಲೇ ಕರಗಿಸಿದ ಟೆಟ್ರಾಬ್ಯುಟೈಲ್‌ಅಮೋನಿಯಂ ಕ್ಲೋರೈಡ್ ಬೆರೆಸಿದರೆ ಕ್ಲೋರೈಡ್ ಲವಣ ಹೊರಬೀಳುತ್ತದೆ. ಅಸಿಟೋನ್‌ನಿಂದ ಚೆನ್ನಾಗಿ ತೊಳೆದು ಒಣಗಿಸಿ ಇದನ್ನು ಬಳಸಬೇಕು.

ಕತ್ತಲೆಯನ್ನು ಅಳೆಯುವುದು

ಈಗ ಆ ರಾಮನ್ ಶಿಖರಕ್ಕೆ ಕೆಲಸ. ಫ್ಲೋರೋಮೀಟರ್‌ನ ಅಂಕಿಗಳಿಗೆ ಸ್ವಂತ ಅರ್ಥವಿಲ್ಲ. ದೀಪ ಹಳತಾದಂತೆ, ಸ್ಲಿಟ್ ಬದಲಾದಂತೆ ಅವೂ ಬದಲಾಗುತ್ತವೆ. ಆದರೆ 531ರ ಶಿಖರ ಬರೀ ನೀರಿನದ್ದು, ಅದೇ ಕ್ಯುವೆಟ್‌ನಲ್ಲಿ, ಅದೇ ಕ್ಷಣದಲ್ಲಿ. 620ರ ಎತ್ತರವನ್ನು 531ರ ಎತ್ತರಕ್ಕೆ ಭಾಗಿಸಿ ಬರೆದಿಟ್ಟರೆ ಈ ತಿಂಗಳ ಕತ್ತಲೆಯನ್ನು ಮುಂದಿನ ವರ್ಷದ ಕತ್ತಲೆಯೊಂದಿಗೆ ಹೋಲಿಸಬಹುದು. ಬಫರ್ ಮಾತ್ರ ಇರುವ ಕ್ಯುವೆಟ್‌ನ ಅನುಪಾತವನ್ನು ಮೊದಲು ತೆಗೆದುಕೊಂಡು ಅದನ್ನು ಕಳೆಯಬೇಕು. ಪ್ರತಿ ಹೊಸ ಬ್ಯಾಚ್‌ಗೂ ಇದೇ ನಿಜವಾದ ಶುದ್ಧತಾ ಪ್ರಮಾಣಪತ್ರ ಎಂಬುದು ನಮ್ಮ ದೃಢ ಅಭಿಪ್ರಾಯ.

ಸಾಂದ್ರತೆ 5 ಮೈಕ್ರೋಮೋಲಾರ್ ಇಟ್ಟದ್ದಕ್ಕೂ ಕಾರಣವಿದೆ. ಈ ಸಂಕೀರ್ಣದ ಮೋಲಾರ್ ಹೀರಿಕೆ 450ರ ಬಳಿ ಸುಮಾರು 16,000. ಹಾಗಾದರೆ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಹೀರಿಕೆ 0.08. ಇದು 0.1 ದಾಟಿದರೆ ಉದ್ದೀಪಕ ಬೆಳಕು ಮಧ್ಯ ತಲುಪುವ ಮುನ್ನವೇ ಗಮನಾರ್ಹವಾಗಿ ಹೀರಿಹೋಗುತ್ತದೆ, ಹೊಳಪು ಸಾಂದ್ರತೆಗೆ ತಕ್ಕಂತೆ ಏರುವುದಿಲ್ಲ. ಒಣಗಿದ ಕ್ಲೋರೈಡ್ ಲವಣ ಎಷ್ಟು ನೀರು ಹಿಡಿದುಕೊಂಡಿದೆ ಎಂಬುದು ಗೊತ್ತಿಲ್ಲದ ಕಾರಣ 1 ಮಿಲಿಮೋಲಾರ್ ಮೂಲದ್ರಾವಣವನ್ನು ತೂಕದಿಂದ ಅಂದಾಜಿಸಿ, ಹೀರಿಕೆಯಿಂದ ಸರಿಪಡಿಸಬೇಕು. ಅದರಿಂದ 15 ಮೈಕ್ರೋಲೀಟರ್ ತೆಗೆದು 3 ಮಿಲಿಲೀಟರಿಗೆ ಹಾಕಿದರೆ 5 ಮೈಕ್ರೋಮೋಲಾರ್.

ಬಫರ್: 5 ಮಿಲಿಮೋಲಾರ್ ಟ್ರಿಸ್ (ಪಿಎಚ್ ಕಾಯುವ ಬಫರ್ ವಸ್ತು, ಮೇಲಿನ ಟ್ರಿಸ್-ಬೈಪಿರಿಡಿನ್‌ಗೂ ಇದಕ್ಕೂ ಸಂಬಂಧವಿಲ್ಲ), 50 ಮಿಲಿಮೋಲಾರ್ ಉಪ್ಪು, ಪಿಎಚ್ 7.2. ಕರುವಿನ ಥೈಮಸ್ ಡಿಎನ್‌ಎಯನ್ನು ಸೋನಿಕೇಟ್ ಮಾಡಿ (ಶಬ್ದತರಂಗಗಳಿಂದ ತುಂಡರಿಸಿ), ಸೋಸಿ, 260 ಮತ್ತು 280 ನ್ಯಾನೊಮೀಟರ್ ಹೀರಿಕೆಗಳ ಅನುಪಾತ 1.8–1.9 ಇದೆಯೇ ನೋಡಬೇಕು. ಕಡಿಮೆ ಇದ್ದರೆ ಪ್ರೋಟೀನ್ ಉಳಿದಿದೆ. ಪ್ರತಿ ಬೇಸ್ ಜೋಡಿಗೆ 260ರಲ್ಲಿ ಮೋಲಾರ್ ಹೀರಿಕೆ 13,200 ಎಂದು ಹಿಡಿದರೆ 1 ಮಿಲಿಮೋಲಾರ್ ದ್ರಾವಣವನ್ನು 20 ಪಟ್ಟು ತೆಳುಗೊಳಿಸಿದಾಗ 0.66 ಓದಬೇಕು. ಇದರ 15 ಮೈಕ್ರೋಲೀಟರ್ ಅಂದರೆ ರುಥೇನಿಯಂ ಒಂದಕ್ಕೆ ಒಂದು ಬೇಸ್ ಜೋಡಿ. ಹೀಗೆ ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲ 5 ನಿಮಿಷ ಬಿಟ್ಟು ಓದಬೇಕು. ಇಪ್ಪತ್ತರವರೆಗೆ ಹೋದರೆ 300 ಮೈಕ್ರೋಲೀಟರ್ ಸೇರಿ ರುಥೇನಿಯಂ ತೆಳುವಾಗುತ್ತದೆ. ತಿದ್ದುಪಡಿ ಲೆಕ್ಕ ಹಾಕುವ ಬದಲು ಡಿಎನ್‌ಎ ದ್ರಾವಣಕ್ಕೂ ಮೊದಲೇ 5 ಮೈಕ್ರೋಮೋಲಾರ್ ರುಥೇನಿಯಂ ಬೆರೆಸಿಟ್ಟರೆ ಸಾಂದ್ರತೆ ಕೊನೆಯವರೆಗೂ ಕದಲುವುದಿಲ್ಲ.

ಕತ್ತಲೆ ಇನ್ನೂ ಕೊಂಚ ಕೆಟ್ಟಿದ್ದರೆ ಅದು ನಮ್ಮ ಅಣುವಿನದೋ ಕಲ್ಮಶದ್ದೋ ಎಂದು ಡಿಎನ್‌ಎ ಇರುವಾಗಲೂ ಬೇರ್ಪಡಿಸಬಹುದು. ಪೊಟ್ಯಾಶಿಯಂ ಫೆರೋಸಯನೈಡ್ ನಾಲ್ಕು ಋಣಾವೇಶ ಹೊತ್ತ ಹೊಳಪುಗಳ್ಳ. ದ್ರಾವಣದಲ್ಲಿ ಬಿಡಿಯಾಗಿ ಓಡಾಡುವ ಧನಾವೇಶದ ಸಂಕೀರ್ಣವನ್ನು ಅದು ಸುಲಭವಾಗಿ ನಂದಿಸುತ್ತದೆ. ಡಿಎನ್‌ಎ ಒಳಗೆ ಸಿಕ್ಕಿಕೊಂಡದ್ದನ್ನು ಮುಟ್ಟಲಾರದು, ಡಿಎನ್‌ಎಯ ಬೆನ್ನೆಲುಬೇ ಋಣಾವೇಶದ್ದು.

ಕತ್ತಲೆ ಕೆಡಿಸುವ ಹೊರಗಿನವರು

ಬ್ಯಾಚ್ ಶುದ್ಧವಾಗಿದ್ದರೂ ಒಮ್ಮೊಮ್ಮೆ ದೀಪ ಹತ್ತಿಕೊಳ್ಳುತ್ತದೆ. ಈ ಅಣು ಗುರುತಿಸುವುದು ಡಿಎನ್‌ಎಯನ್ನಲ್ಲ, ಫೆನಜೀನ್ ಬಳಿ ನೀರು ಇಲ್ಲದಿರುವುದನ್ನು. ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಡಿಟರ್ಜೆಂಟ್‌ನ ಅಣುಗಳು ಗುಂಪುಗೂಡಿದ ಮೈಸೆಲ್‌ಗಳಲ್ಲೂ ಇದು ಬೆಳಗುತ್ತದೆ ಎಂದು ಶಾಂಬ್ರಾನ್ ಮತ್ತು ಸೋವಾಜ್ ಅವರೇ ತೋರಿಸಿದ್ದಾರೆ. ಹಾಗಾಗಿ ಸೋಪಿನಿಂದ ತೊಳೆದು ಸರಿಯಾಗಿ ಜಾಲಿಸದ ಕ್ಯುವೆಟ್ ಸಾಕು, ಸುಳ್ಳು ಹೊಳಪಿಗೆ. ಕ್ಯುವೆಟ್‌ಗಳನ್ನು ಡಿಟರ್ಜೆಂಟ್‌ಗೆ ತೋರಿಸದೆ ದುರ್ಬಲ ನೈಟ್ರಿಕ್ ಆಮ್ಲ, ನೀರು, ಮೆಥನಾಲ್, ಮತ್ತೆ ನೀರು ಎಂಬ ಕ್ರಮದಲ್ಲಿ ತೊಳೆಯುವುದು ಕ್ಷೇಮ. ಧನಾವೇಶದ ಸಂಕೀರ್ಣಕ್ಕೆ ಗಾಜಿನ ಗೋಡೆಗೆ ಅಂಟುವ ಚಾಳಿ ಇದೆ, ಹಿಂದಿನ ಪ್ರಯೋಗದ್ದು ಮುಂದಿನದಕ್ಕೆ ಬರುವುದು ಅಲ್ಲಿಂದಲೂ.

ಇದೇ ಗುಣವನ್ನು ಬಳಸಿಕೊಂಡವರೂ ಇದ್ದಾರೆ. 2011ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಏಂಜಲ್ ಮಾರ್ಟಿ ತಂಡ ಡಿಪಿಪಿಝಡ್ ರುಥೇನಿಯಂ ಸಂಕೀರ್ಣದಿಂದ ಆಲ್‌ಝೈಮರ್ ರೋಗದೊಂದಿಗೆ ನಂಟಿರುವ ಅಮಿಲಾಯ್ಡ್-ಬೀಟಾ ಪೆಪ್ಟೈಡ್‌ನ ನಾರುಗಳು ಕಟ್ಟಿಕೊಳ್ಳುವುದನ್ನು ಹಿಂಬಾಲಿಸಿತು. ಬಿಡಿ ಪೆಪ್ಟೈಡ್‌ನೊಂದಿಗೆ ಕತ್ತಲೆ, ನಾರಿನ ನೀರಿಲ್ಲದ ಸಂದಿ ಸಿಕ್ಕರೆ ಬೆಳಕು.

ಸ್ವಿಚ್ ಎಂಬ ಹೆಸರು ಕೂಡ ಕೊಂಚ ದಾರಿ ತಪ್ಪಿಸುತ್ತದೆ. 2002ರಲ್ಲಿ ಪಾಪನಿಕೊಲಾಸ್ ಮತ್ತು ಮೆಯರ್ ಅವರ ತಂಡ ನೀರಿಲ್ಲದ ದ್ರಾವಕದಲ್ಲೂ ತಾಪಮಾನ ಇಳಿಸಿ ಈ ಅಣುವನ್ನು ಆರಿಸಬಹುದೆಂದು ತೋರಿಸಿತು. ಕತ್ತಲೆಯ ಸ್ಥಿತಿ ಯಾವಾಗಲೂ ಶಕ್ತಿಯಲ್ಲಿ ಕೆಳಗೇ ಇದೆ. ಹೊಳೆಯುವ ಸ್ಥಿತಿಗೆ ಏರಲು ಎಂಟ್ರೊಪಿ ನೂಕುತ್ತದೆ. ಆದ್ದರಿಂದ ಕ್ಯುವೆಟ್ ಹೋಲ್ಡರ್‌ಗೆ 25 ಡಿಗ್ರಿ ನೀರು ಸುತ್ತುವ ವ್ಯವಸ್ಥೆ ಇಲ್ಲದೆ ಬೆಳಿಗ್ಗೆಯ ಓದನ್ನು ಮಧ್ಯಾಹ್ನದ ಓದಿನೊಂದಿಗೆ ಹೋಲಿಸಬಾರದು.

ಶುದ್ಧ ಬ್ಯಾಚ್‌ನಲ್ಲೂ ಡಿಎನ್‌ಎಯೊಳಗಿನ ಹೊಳಪು ಒಂದೇ ವೇಗದಲ್ಲಿ ಆರುವುದಿಲ್ಲ, ಎರಡು ಆಯುಷ್ಯಗಳು ಬೆರೆತಿರುತ್ತವೆ. ಇದನ್ನು ಕಲ್ಮಶವೆಂದು ತಪ್ಪು ತಿಳಿಯಬಾರದು. ಬೈಪಿರಿಡಿನ್ ಬದಲು ಫೆನಾಂತ್ರೋಲಿನ್ ಇರುವ ಸೋದರ ಸಂಕೀರ್ಣದ ಬಗ್ಗೆ 2004ರಲ್ಲಿ ಲಿಂಕನ್ ಮತ್ತು ಸಂಗಡಿಗರು ಫೆನಜೀನ್‌ಗೆ ಎರಡು, ಒಂದು, ಅಥವಾ ಸೊನ್ನೆ ಹೈಡ್ರೋಜನ್ ಬಂಧ ಇರುವ ಮೂರು ಸ್ಥಿತಿಗಳನ್ನು ಬೇರ್ಪಡಿಸಿದರು. 2012ರಲ್ಲಿ ಬಂದ ಸ್ಫಟಿಕ ರಚನೆಗಳಲ್ಲಿ ಆ ಸೋದರ ಸಂಕೀರ್ಣ ಕೆಲವೆಡೆ ನೇರವಾಗಿ, ಕೆಲವೆಡೆ ಓರೆಯಾಗಿ ತೂರಿಕೊಂಡಿದ್ದು ಕಂಡಿತು. ಓರೆಯಾಗಿ ಕೂತಲ್ಲಿ ಒಂದು ನೈಟ್ರೋಜನ್ ಹೊರಗಿನ ನೀರಿಗೆ ತೆರೆದಿರುತ್ತದೆ. ಜೊತೆಗೆ ಈ ಅಣುವಿಗೆ ಬಲಗೈ-ಎಡಗೈ ರೂಪಗಳೆರಡಿವೆ. ಡೆಲ್ಟಾ ರೂಪ ಡಿಎನ್‌ಎಯಲ್ಲಿ ಲ್ಯಾಂಬ್ಡಾಕ್ಕಿಂತ ಹಲವು ಪಟ್ಟು ಹೆಚ್ಚು ಹೊಳೆಯುತ್ತದೆ. ಮೇಲಿನ ವಿಧಾನದಲ್ಲಿ ಎರಡೂ ಸಮಸಮ ಬರುತ್ತವೆ, ಬೇರ್ಪಡಿಸದೆ ತೆಗೆದ ಏರಿಕೆ ಎರಡರ ಸರಾಸರಿ ಎಂದೇ ವರದಿಯಲ್ಲಿ ಬರೆಯಬೇಕು.

ಮೂಲದ್ರಾವಣವನ್ನು ಕಂದು ಬಾಟಲಿಯಲ್ಲಿ 4 ಡಿಗ್ರಿಯಲ್ಲಿ ಇಟ್ಟು, ಹೊರತೆಗೆದಾಗಲೆಲ್ಲ ಡಿಎನ್‌ಎ ಹಾಕುವ ಮುನ್ನ 620 ಮತ್ತು 531ರ ಅನುಪಾತವನ್ನು ದಿನಾಂಕದೊಂದಿಗೆ ಬಾಟಲಿಯ ಚೀಟಿಯ ಮೇಲೆ ಬರೆಯಿರಿ.